ಗಂಟಲಲ್ಲಿ ನಿಲ್ಲುವ ತುತ್ತು, ಎಣಿಕೆ ತಪ್ಪಿದ ವರ್ಣತಂತು



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ಮಾತು ಹೇಗೂ ಮಕ್ಕಳ ಕಡೆಗೆ ತಿರುಗುತ್ತದೆ. ಕೆಮ್ಮಣ್ಣು, ಹೂಡೆ, ನೇಜಾರು ಕಡೆ ಸಭೆಗಳಿಗೆ ಹೋದಾಗ ನಾವು ಕೇಳುವ ಮಾತುಗಳಲ್ಲಿ ಎರಡು ಇವು. "ಮಗಳಿಗೆ ಹದಿನಾಲ್ಕು ಕಳೀತು ಸಿಸ್ಟರ್, ಇನ್ನೂ ದೊಡ್ಡವಳಾಗ್ಲಿಲ್ಲ, ಅವಳ ತಂಗಿಯೇ ಅವಳಿಗಿಂತ ಎತ್ತರ ಆದಳು." ಇನ್ನೊಂದು, "ಮಗ ಊಟಕ್ಕೆ ಕೂತ್ರೆ ಒಂದು ಗಂಟೆ ಬೇಕು, ತುತ್ತು ತುತ್ತಿಗೂ ನೀರು ಕುಡೀತಾನೆ, ಎಂತ ಹಠ ಅಂತ ಗೊತ್ತಾಗುದಿಲ್ಲ." ಮೊದಲನೆಯದ್ದಕ್ಕೆ ಹರಕೆ ಹೊರುತ್ತೇವೆ, ಎರಡನೆಯದ್ದಕ್ಕೆ ಬೈಯುತ್ತೇವೆ. ಎರಡಕ್ಕೂ ಡಾಕ್ಟರ ಹತ್ತಿರ ಹೋಗುವುದು ತಡ.

ಇವು ಬೇರೆ ಬೇರೆ ತೊಂದರೆಗಳು, ನಿಜ. ಆದರೆ ಕೆಲವು ಮಕ್ಕಳಲ್ಲಿ ಇವೆರಡೂ ಒಟ್ಟಿಗೆ ಇರುವುದುಂಟು. ಆಗ ಒಂದು ಕಾಯಿಲೆಯ ಹೆಸರಿನ ಹಿಂದೆ ಇನ್ನೊಂದು ಅಡಗಿ ಕೂತುಬಿಡುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳೋಣ ಅಂತ ಈ ಲೇಖನ. ವಿಷಯ ಸ್ವಲ್ಪ ಗಟ್ಟಿ ಉಂಟು, ನಿಧಾನವಾಗಿ ಓದಿ. ಓದಲು ಬಾರದವರಿಗೆ ಸಭೆಯಲ್ಲಿ ಒಬ್ಬರು ಓದಿ ಹೇಳಿ.

46 ಪುಸ್ತಕಗಳ ಲೆಕ್ಕ

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಒಳಗೆ 46 ವರ್ಣತಂತುಗಳು ಇವೆ. ಸಂಘದಲ್ಲಿ ನಿರ್ಣಯ ಪುಸ್ತಕ, ಸಾಲದ ಲೆಡ್ಜರ್, ನಗದು ಪುಸ್ತಕ ಇರುವುದಿಲ್ಲವೇ, ಹಾಗೆ ದೇಹ ನಡೆಸಲಿಕ್ಕೆ ಬೇಕಾದ ಎಲ್ಲ ವಿವರ ಬರೆದಿಟ್ಟ ಪುಸ್ತಕಗಳು ಇವು ಅಂತ ತಿಳಿಯಿರಿ. 23 ತಾಯಿಯಿಂದ, 23 ತಂದೆಯಿಂದ. ಇವುಗಳಲ್ಲಿ ಕೊನೆಯ ಜೋಡಿಗೆ ಲಿಂಗ ವರ್ಣತಂತು ಎಂದು ಹೆಸರು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ತಾಯಿ ಯಾವಾಗಲೂ ಎಕ್ಸ್ ಮಾತ್ರ ಕೊಡುತ್ತಾಳೆ. ಎಕ್ಸ್ ಅಥವಾ ವೈ ಕೊಡುವುದು ತಂದೆ. ಹೆಣ್ಣು ಹೆತ್ತಳು ಎಂದು ಸೊಸೆಯನ್ನು ಬೈಯುವ ಅತ್ತೆಯಂದಿರಿಗೆ ಇದನ್ನು ನಾವು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ!

ಕೆಲವು ಸಲ ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ, ಇಲ್ಲವೇ ಭ್ರೂಣ ಬೆಳೆಯುವ ಮೊದಲ ದಿನಗಳಲ್ಲಿ, ಈ ಹಂಚಿಕೆಯ ಎಣಿಕೆ ತಪ್ಪುತ್ತದೆ. ಹೆಣ್ಣು ಮಗುವಿಗೆ ಎರಡು ಎಕ್ಸ್ ಬರುವ ಬದಲು ಒಂದೇ ಬಂದರೆ, ಅಥವಾ ಎರಡನೆಯದು ಅರ್ಧಂಬರ್ಧ ಬಂದರೆ, ಅದು ಟರ್ನರ್ ಸಿಂಡ್ರೋಮ್. 1938ರಲ್ಲಿ ಅಮೆರಿಕದ ಡಾ. ಹೆನ್ರಿ ಟರ್ನರ್ ಇದನ್ನು ವಿವರಿಸಿದರು. ಸುಮಾರು 2,000ದಿಂದ 2,500 ಹೆಣ್ಣು ಮಕ್ಕಳಲ್ಲಿ ಒಬ್ಬಳಿಗೆ ಇದು ಇರುತ್ತದೆ. ಗಂಡು ಮಗುವಿಗೆ ಒಂದು ಎಕ್ಸ್ ಹೆಚ್ಚಾಗಿ ಬಂದು ಎಕ್ಸ್-ಎಕ್ಸ್-ವೈ ಆದರೆ ಅದು ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಇದನ್ನು 1942ರಲ್ಲಿ ಡಾ. ಹ್ಯಾರಿ ಕ್ಲೈನ್‌ಫೆಲ್ಟರ್ ವಿವರಿಸಿದರು. ಇದು ಇನ್ನೂ ಸಾಮಾನ್ಯ, 500ರಿಂದ 1,000 ಗಂಡು ಮಕ್ಕಳಲ್ಲಿ ಒಬ್ಬನಿಗೆ. ಎರಡಕ್ಕೂ ಕಾರಣ ವರ್ಣತಂತುವಿನ ಎಣಿಕೆ ಎಂದು ಗೊತ್ತಾದದ್ದು 1959ರಲ್ಲಿ.

ಟರ್ನರ್ ಇರುವ ಹುಡುಗಿ ಗಿಡ್ಡ ಇರುತ್ತಾಳೆ. ಹುಟ್ಟಿದಾಗ ಕೈಕಾಲು ಊದಿಕೊಂಡಿರಬಹುದು, ಕುತ್ತಿಗೆ ಅಗಲ, ಹಿಂದೆ ಕೂದಲು ತುಂಬ ಕೆಳಗಿನವರೆಗೆ. ಕೆಲವರಿಗೆ ಹೃದಯದ ರಕ್ತನಾಳ ಅಥವಾ ಮೂತ್ರಪಿಂಡದಲ್ಲಿ ದೋಷ. ಹೆಚ್ಚಿನವರು ತಾವಾಗಿ ಮುಟ್ಟಾಗುವುದಿಲ್ಲ. ಬುದ್ಧಿಗೆ ಸಾಮಾನ್ಯವಾಗಿ ಎಂತದೂ ಕೊರತೆ ಇಲ್ಲ, ಲೆಕ್ಕದಲ್ಲಿ ಕೆಲವರು ಹಿಂದೆ ಇರಬಹುದು ಅಷ್ಟೇ. ಕ್ಲೈನ್‌ಫೆಲ್ಟರ್ ಇರುವ ಹುಡುಗ ಉದ್ದ ಬೆಳೆಯುತ್ತಾನೆ, ಕಾಲು ಉದ್ದ, ಗಡ್ಡ ಮೀಸೆ ಕಡಿಮೆ, ವೃಷಣ ಸಣ್ಣದು, ಕೆಲವರಿಗೆ ಎದೆ ಸ್ವಲ್ಪ ಬೆಳೆಯುತ್ತದೆ. ಎಷ್ಟೋ ಮಂದಿಗೆ ಮದುವೆಯಾಗಿ ಮಕ್ಕಳಾಗದೆ ಪರೀಕ್ಷೆಗೆ ಹೋದಾಗಲೇ ತಿಳಿಯುವುದು. ಇನ್ನೂ ಎಷ್ಟೋ ಮಂದಿಗೆ ಸಾಯುವವರೆಗೂ ತಿಳಿಯುವುದಿಲ್ಲ.

ಇಲ್ಲಿ ಒಂದು ಮಾತು ಖಂಡಿತ ಹೇಳಬೇಕು. ಟರ್ನರ್ ಇರುವ ಮಗು ಹುಟ್ಟಿದರೆ ಮನೆಯಲ್ಲಿ ಬೆರಳು ತಿರುಗುವುದು ತಾಯಿಯ ಕಡೆಗೆ: ಗ್ರಹಣ ನೋಡಿದಳು, ಬಸುರಿಯಾಗಿದ್ದಾಗ ಪಪ್ಪಾಯಿ ತಿಂದಳು, ಅವಳ ತವರಿನಲ್ಲಿ ದೋಷ ಇತ್ತು. ಒಂದೂ ಸತ್ಯ ಅಲ್ಲ. ಒಂದೇ ಎಕ್ಸ್ ಇರುವ ಹುಡುಗಿಯರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಉಳಿದಿರುವುದು ತಾಯಿಯ ಎಕ್ಸ್. ಇಲ್ಲದೆ ಹೋದದ್ದು ತಂದೆಯ ಕಡೆಯದ್ದು. ಹಾಗಂತ ತಂದೆಯನ್ನು ಬೈಯುವುದು ಬೇಡ, ಅವನೂ ಎಂತದೂ ಮಾಡಿಲ್ಲ. ಅದು ಆಕಸ್ಮಿಕ. ಸಾಮಾನ್ಯವಾಗಿ ಮುಂದಿನ ಮಗುವಿಗೆ ಮರುಕಳಿಸುವುದೂ ಇಲ್ಲ. ಇಂತಹ ಗರ್ಭಗಳಲ್ಲಿ ಬಹುಪಾಲು ಮೊದಲ ತಿಂಗಳುಗಳಲ್ಲೇ ಇಳಿದು ಹೋಗುತ್ತವೆ. ಅದನ್ನೆಲ್ಲ ದಾಟಿ ಹುಟ್ಟಿ ಬಂದ ಹುಡುಗಿ ಗಟ್ಟಿಗಿತ್ತಿ ಅಂತಲೇ ನಮ್ಮ ಅಭಿಪ್ರಾಯ.

ಕಾವಲುಗಾರರು ಮನೆಯವರನ್ನೇ ಹೊಡೆದರೆ

ಎಕ್ಸ್ ಪುಸ್ತಕದಲ್ಲಿ ಹೆಣ್ಣು-ಗಂಡು ವಿಷಯ ಮಾತ್ರ ಬರೆದಿಲ್ಲ. ನಮ್ಮ ರೋಗನಿರೋಧಕ ಶಕ್ತಿ, ಅಂದರೆ ದೇಹದ ಒಳಗಿನ ಕಾವಲುಗಾರರು ಹೇಗೆ ಕೆಲಸ ಮಾಡಬೇಕು ಎನ್ನುವ ಎಷ್ಟೋ ಪುಟಗಳು ಅದರಲ್ಲೇ ಇವೆ. ಹೆಂಗಸರಲ್ಲಿ ಎರಡು ಎಕ್ಸ್ ಪುಸ್ತಕ ಇರುವುದರಿಂದ ದೇಹ ಪ್ರತಿ ಜೀವಕೋಶದಲ್ಲಿ ಒಂದನ್ನು ಬೀಗ ಹಾಕಿ ಇಡುತ್ತದೆ. ಇದನ್ನು 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಎಂಬ ಮಹಿಳಾ ವಿಜ್ಞಾನಿ ತೋರಿಸಿಕೊಟ್ಟರು. ಆದರೆ ಬೀಗ ಪೂರ್ತಿ ಭದ್ರ ಅಲ್ಲ, ಕೆಲವು ಪುಟಗಳು ತೆರೆದೇ ಇರುತ್ತವೆ. ಹಾಗಾಗಿ ಹೆಂಗಸರ ಕಾವಲುಗಾರರು ಗಂಡಸರದ್ದಕ್ಕಿಂತ ಸ್ವಲ್ಪ ಚುರುಕು. ಸೋಂಕು ಬಂದರೆ ಇದು ಲಾಭ. ಆದರೆ ಅದೇ ಚುರುಕು ತಪ್ಪು ದಾರಿ ಹಿಡಿದರೆ ಕಾವಲುಗಾರ ಕಳ್ಳನನ್ನು ಬಿಟ್ಟು ಮನೆಯವರನ್ನೇ ಹೊಡೆಯುತ್ತಾನೆ. ಲೂಪಸ್, ಥೈರಾಯ್ಡ್ ಗ್ರಂಥಿಯ ಉರಿಯೂತ, ಬಾಯಿ ಕಣ್ಣು ಒಣಗುವ ಶೋಗ್ರೆನ್ ಕಾಯಿಲೆ, ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ ಇವೆಲ್ಲ ಅಂತಹವು. ಹೆಂಗಸರಲ್ಲೇ ಹೆಚ್ಚು. ಲೂಪಸ್ ಬಂದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರು.

ಎಕ್ಸ್‌ನ ಎಣಿಕೆ ತಪ್ಪಿದವರಲ್ಲಿ ಏನಾಗುತ್ತದೆ? 2008ರಲ್ಲಿ ಅಮೆರಿಕದ ಸಂಶೋಧಕರು ಲೂಪಸ್ ಇರುವ ಗಂಡಸರ ವರ್ಣತಂತುಗಳನ್ನು ಎಣಿಸಿದರು. ಅವರಲ್ಲಿ ಕ್ಲೈನ್‌ಫೆಲ್ಟರ್ ಇದ್ದವರು ಲೂಪಸ್ ಇಲ್ಲದ ಗಂಡಸರಿಗಿಂತ ಸುಮಾರು 14 ಪಟ್ಟು ಹೆಚ್ಚು. ಹೊರಗಿನಿಂದ ಗಂಡಸು, ಆದರೆ ಎರಡು ಎಕ್ಸ್ ಇರುವುದರಿಂದ ಕಾಯಿಲೆಯ ಅಪಾಯ ಹೆಂಗಸರ ಹಾಗೆ. ಹಾಗಾದರೆ ಒಂದೇ ಎಕ್ಸ್ ಇರುವ ಟರ್ನರ್ ಹುಡುಗಿಯರಿಗೆ ಇಂತಹ ಕಾಯಿಲೆಗಳು ಕಡಿಮೆ ಇರಬೇಕಿತ್ತು ಅಲ್ಲವೇ? ಇಲ್ಲ. ಥೈರಾಯ್ಡ್ ಉರಿಯೂತ ಅವರಲ್ಲಿ ತುಂಬ ಸಾಮಾನ್ಯ. ಗೋಧಿಯ ಅಂಶಕ್ಕೆ ಕರುಳು ಕೆರಳುವ ಸೀಲಿಯಾಕ್ ಕಾಯಿಲೆಯೂ, ಕರುಳಿನ ಉರಿಯೂತವೂ ಬೇರೆ ಹುಡುಗಿಯರಿಗಿಂತ ಜಾಸ್ತಿ. ಅಂದರೆ ಪುಸ್ತಕ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಟರ್ನರ್ ಇರುವ ಹುಡುಗಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ, ಎರಡು ವರ್ಷ ವಯಸ್ಸಿನಿಂದ ಎರಡು ವರ್ಷಕ್ಕೊಮ್ಮೆ ಸೀಲಿಯಾಕ್ ರಕ್ತ ಪರೀಕ್ಷೆ ಮಾಡಿಸಬೇಕು ಎಂದು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಅನ್ನನಾಳದ ಒಳಗೆ

ಬಾಯಿಯಿಂದ ಹೊಟ್ಟೆಗೆ ಅನ್ನ ಇಳಿಯುವ ಕೊಳವೆ ಅನ್ನನಾಳ. ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ. ಇದಕ್ಕೂ ಕಾವಲುಗಾರರ ಪೆಟ್ಟು ಬೀಳುತ್ತದೆ. ಸ್ಕ್ಲೀರೋಡರ್ಮಾದಲ್ಲಿ ಚರ್ಮದ ಹಾಗೆ ಅನ್ನನಾಳದ ಕೆಳಭಾಗದ ಸ್ನಾಯುವೂ ಬಲ ಕಳೆದುಕೊಂಡು, ಊಟ ಕೆಳಗೆ ತಳ್ಳಲ್ಪಡದೆ, ಹುಳಿ ಮೇಲಕ್ಕೆ ಬರುತ್ತದೆ. ಶೋಗ್ರೆನ್‌ನಲ್ಲಿ ಜೊಲ್ಲು ಕಡಿಮೆಯಾಗಿ ಒಣ ತುತ್ತು ಇಳಿಯುವುದಿಲ್ಲ. ಮೂರು ಎಕ್ಸ್ ಇರುವ ಹೆಂಗಸರಲ್ಲಿ ಲೂಪಸ್ ಮತ್ತು ಶೋಗ್ರೆನ್ ಎರಡೂ ಸುಮಾರು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ಎಂದು 2016ರ ಅಧ್ಯಯನದಲ್ಲಿ ಕಂಡಿತು. ಮೂರು ಎಕ್ಸ್ ಇದೆ ಎಂದು ಆ ಹೆಂಗಸರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ, ಯಾಕೆಂದರೆ ಹೊರಗೆ ಗುರುತು ಕಾಣುವುದಿಲ್ಲ.

ಆದರೆ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಅನ್ನನಾಳದ ಕಾಯಿಲೆಯ ಹೆಸರು ನಾಲಿಗೆ ತಿರುಗದಂಥದ್ದು: ಇಯೊಸಿನೊಫಿಲಿಕ್ ಈಸೊಫೆಜೈಟಿಸ್. ಡಾಕ್ಟರರು ಚಿಕ್ಕದಾಗಿ ಇ.ಒ.ಇ. ಅನ್ನುತ್ತಾರೆ. ಇದು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿದ್ದೇ 1990ರ ದಶಕದಲ್ಲಿ. ಇಯೊಸಿನೊಫಿಲ್ ಎನ್ನುವುದು ಒಂದು ಬಗೆಯ ಬಿಳಿ ರಕ್ತಕಣ. ಹೊಟ್ಟೆಹುಳ, ಅಲರ್ಜಿ ಇವುಗಳಿಗೆ ಓಡಿ ಬರುವ ಕಾವಲುಗಾರ ಅದು. ಆರೋಗ್ಯವಂತರ ಅನ್ನನಾಳದಲ್ಲಿ ಅದಕ್ಕೆ ಕೆಲಸವೇ ಇಲ್ಲ, ಅಲ್ಲಿ ಅದು ಕಾಣುವುದೂ ಇಲ್ಲ. ಇ.ಒ.ಇ. ಇದ್ದವರಲ್ಲಿ ಹಾಲು, ಗೋಧಿ ಇಂತಹ ಯಾವುದೋ ಆಹಾರವನ್ನು ಶತ್ರು ಎಂದು ತಿಳಿದು ಈ ಕಣಗಳು ಗುಂಪಾಗಿ ಬಂದು ಅನ್ನನಾಳದ ಒಳಪದರದಲ್ಲಿ ಬೀಡು ಬಿಡುತ್ತವೆ. ಒಳಗೆ ಬಾವು. ವರ್ಷಗಟ್ಟಲೆ ಬಿಟ್ಟರೆ ಗಾಯ ಗಟ್ಟಿಯಾಗಿ ಕೊಳವೆ ಕಿರಿದಾಗುತ್ತದೆ. ಆಗ ತುತ್ತು ನಿಲ್ಲುತ್ತದೆ.

ಅಮೆರಿಕದಲ್ಲಿ ಈಗ ಸುಮಾರು 700 ಮಂದಿಯಲ್ಲಿ ಒಬ್ಬರಿಗೆ ಈ ಕಾಯಿಲೆ ಉಂಟು. ನಮ್ಮ ದೇಶದಲ್ಲಿ ವರದಿ ಕಡಿಮೆ. ಅನ್ನನಾಳದ ಒಳಗಿನ ಚೂರು ತೆಗೆದು ನೋಡದೆ ಇದು ಗೊತ್ತಾಗುವುದಿಲ್ಲ, ನಮ್ಮಲ್ಲಿ "ಗ್ಯಾಸ್ಟ್ರಿಕ್" ಎಂದು ಮಾತ್ರೆ ನುಂಗಿ ಸುಮ್ಮನಾಗುವವರೇ ಜಾಸ್ತಿ. ವಿಚಿತ್ರ ಏನೆಂದರೆ, ಲೂಪಸ್‌ಗೆ ತಿರುಗುಮುರುಗಾಗಿ ಇದು ಗಂಡಸರ ಕಾಯಿಲೆ. ಒಬ್ಬ ಹೆಂಗಸಿಗೆ ಬಂದರೆ ಸುಮಾರು ಮೂವರು ಗಂಡಸರಿಗೆ.

ಗಂಡಸರಿಗೇ ಯಾಕೆ ಹೆಚ್ಚು?

ಅನ್ನನಾಳದ ಒಳಪದರಕ್ಕೆ ತೊಂದರೆಯಾದಾಗ ಅದು ಒಂದು ಗಂಟೆ ಬಾರಿಸುತ್ತದೆ. ಆ ಗಂಟೆಯ ಹೆಸರು ಟಿ.ಎಸ್.ಎಲ್.ಪಿ. ಗಂಟೆ ಕೇಳಿಸಿಕೊಳ್ಳಲು ಕಾವಲುಗಾರರಿಗೆ ಕಿವಿ ಬೇಕಲ್ಲ? ಆ ಕಿವಿಯನ್ನು ಹೇಗೆ ಮಾಡಬೇಕೆಂದು ಬರೆದಿರುವ ಪುಟ ಎಕ್ಸ್‌ನಲ್ಲೂ ಉಂಟು, ವೈನಲ್ಲೂ ಉಂಟು. ಎಕ್ಸ್ ದೊಡ್ಡ ಪುಸ್ತಕ, ವೈ ಸಣ್ಣದು, ಒಳಗಿನ ವಿಷಯ ಹೆಚ್ಚು ಕಡಿಮೆ ಬೇರೆ ಬೇರೆ. ಆದರೆ ತುದಿಯ ಕೆಲವು ಪುಟ ಮಾತ್ರ ಎರಡರಲ್ಲೂ ಒಂದೇ. ಆ ಪುಟಗಳಿಗೆ ಬೀಗ ಬೀಳುವುದಿಲ್ಲ. 2010ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ಸಂಶೋಧಕರು, ಈ ಕಿವಿಯ ಪುಟದಲ್ಲಿ ಒಂದು ಅಕ್ಷರ ಬದಲಾದ ಗಂಡಸರಲ್ಲಿ ಇ.ಒ.ಇ. ಜೊತೆಗೆ ನಂಟು ಇರುವುದನ್ನು ಕಂಡುಕೊಂಡರು.

ಇನ್ನು ಗಮನಿಸಿ. ಎತ್ತರ ಬೆಳೆಯುವುದನ್ನು ನಿರ್ಧರಿಸುವ ಒಂದು ಪುಟ, ಶಾಕ್ಸ್ ಎಂದು ಅದರ ಹೆಸರು, ಇರುವುದೂ ಅದೇ ತುದಿಯಲ್ಲಿ. ಟರ್ನರ್ ಹುಡುಗಿ ಗಿಡ್ಡ ಆಗುವುದಕ್ಕೆ, ಕ್ಲೈನ್‌ಫೆಲ್ಟರ್ ಹುಡುಗ ಉದ್ದ ಆಗುವುದಕ್ಕೆ ಈ ಪುಟದ ಪ್ರತಿ ಒಂದು ಕಡಿಮೆ ಅಥವಾ ಒಂದು ಜಾಸ್ತಿ ಇರುವುದು ದೊಡ್ಡ ಕಾರಣ. ಎಲ್ಲರಿಗೂ ಎರಡು ಪ್ರತಿ ಇದ್ದರೆ ಒಂದೇ ಎಕ್ಸ್ ಇರುವ ಹುಡುಗಿಗೆ ಒಂದು, ಎಕ್ಸ್-ಎಕ್ಸ್-ವೈ ಹುಡುಗನಿಗೆ ಮೂರು. ನೆರೆಮನೆಯಲ್ಲಿರುವ ಕಿವಿಯ ಪುಟಕ್ಕೂ ಇದೇ ಲೆಕ್ಕ. ಲಿಂಗ ವರ್ಣತಂತುವಿಗೂ ಅನ್ನನಾಳಕ್ಕೂ ಎಲ್ಲಿಯ ಸಂಬಂಧ ಅಂತ ಕೇಳಿದರೆ ಉತ್ತರ ಹುಡುಕುವವರು ನೋಡುವ ಜಾಗ ಇದು.

ಹೆದರಬೇಡಿ. ಟರ್ನರ್ ಅಥವಾ ಕ್ಲೈನ್‌ಫೆಲ್ಟರ್ ಇರುವ ಹೆಚ್ಚಿನವರಿಗೆ ಇ.ಒ.ಇ. ಬರುವುದಿಲ್ಲ. ಇ.ಒ.ಇ. ಇರುವ ಹೆಚ್ಚಿನವರ ವರ್ಣತಂತುಗಳೂ ಸರಿಯಾಗಿಯೇ ಇರುತ್ತವೆ. ಗಂಟಲು ಹಿಡಿಯುತ್ತದೆ ಎಂದು ಎಲ್ಲರೂ ವರ್ಣತಂತು ಪರೀಕ್ಷೆಗೆ ಓಡಬೇಕಾಗಿಲ್ಲ. ಅಪಾಯ ಇರುವುದು ಬೇರೆ ಕಡೆ. ಟರ್ನರ್ ಎಂದು ಚೀಟಿ ಸಿಕ್ಕಿದ ಹುಡುಗಿ ಊಟ ಮಾಡದಿದ್ದರೆ, ವಾಂತಿ ಮಾಡಿದರೆ, ತೂಕ ಏರದಿದ್ದರೆ ಎಲ್ಲವನ್ನೂ ಆ ಚೀಟಿಯ ತಲೆಗೇ ಕಟ್ಟುತ್ತೇವೆ. "ಅವಳು ಹಾಗೆಯೇ, ಅದು ಅವಳ ಕಾಯಿಲೆ." ಗಿಡ್ಡವಾಗಿರುವ ಹುಡುಗಿಗೆ ಬೆಳೆಯಲಿಕ್ಕೆ ಇರುವ ವರ್ಷಗಳೇ ಕಡಿಮೆ. ಆ ವರ್ಷಗಳಲ್ಲಿ ಅನ್ನ ಇಳಿಯದಿದ್ದರೆ, ಬೆಳವಣಿಗೆಯ ಇಂಜೆಕ್ಷನ್ ಕೊಡಿಸಿದರೂ ಅದು ಪೂರ್ತಿ ಫಲ ಕೊಡುವುದಿಲ್ಲ.

ಮನೆಯಲ್ಲಿ ನೋಡುವುದು ಹೇಗೆ

ಅಡಿಗೆ ಮಾಡಿ ಬಡಿಸುವವರು ನಾವು. ಯಾರು ಹೇಗೆ ತಿನ್ನುತ್ತಾರೆ ಎಂದು ಡಾಕ್ಟರಿಗಿಂತ ನಮಗೇ ಚೆನ್ನಾಗಿ ಗೊತ್ತು. ಇ.ಒ.ಇ. ಇರುವವರು "ನುಂಗಲಿಕ್ಕೆ ಆಗುದಿಲ್ಲ" ಅಂತ ಹೇಳುವುದು ಅಪರೂಪ. ಯಾಕೆಂದರೆ ಅವರು ತಮಗೆ ಗೊತ್ತಿಲ್ಲದೆಯೇ ಉಪಾಯ ಮಾಡಿಕೊಂಡಿರುತ್ತಾರೆ. ಕೋರಿ ರೊಟ್ಟಿ ಮಾಡಿದ ದಿನ ರೊಟ್ಟಿಯನ್ನು ಗಸಿಯಲ್ಲಿ ಪೂರ್ತಿ ಮುಳುಗಿಸಿ ಮೆತ್ತಗಾಗುವವರೆಗೆ ಕಾಯುತ್ತಾರೆ. ಚಪಾತಿ, ಬ್ರೆಡ್ಡು, ಕೋಳಿ ತುಂಡು ಬಿಟ್ಟು ಗಂಜಿ, ನೀರುದೋಸೆ ಕೇಳುತ್ತಾರೆ. ಪ್ರತಿ ತುತ್ತಿಗೂ ನೀರು. ತುಂಬ ಹೊತ್ತು ಅಗಿಯುತ್ತಾರೆ, ಎಲ್ಲರೂ ಎದ್ದ ಮೇಲೂ ಕೂತಿರುತ್ತಾರೆ. ಮದುವೆ ಮನೆ, ರೋಸ್ ಊಟಕ್ಕೆ ಏನಾದರೂ ನೆಪ ಹೇಳಿ ಬರುವುದಿಲ್ಲ, ನಾಲ್ಕು ಜನರ ಎದುರು ಗಂಟಲಲ್ಲಿ ಸಿಕ್ಕಿದರೆ ಮರ್ಯಾದೆ ಪ್ರಶ್ನೆ. ಸಣ್ಣ ಮಕ್ಕಳಲ್ಲಿ ಬೇರೆ ರೀತಿ: ಪದೇ ಪದೇ ವಾಂತಿ, ಹೊಟ್ಟೆ ನೋವು, ಗಟ್ಟಿ ಆಹಾರ ಬಾಯಿಗಿಟ್ಟರೆ ಅಳು. ಮನೆಯಲ್ಲಿ ಉಬ್ಬಸ, ಕಜ್ಜಿ, ಸೀನು ಇರುವವರು ಇದ್ದರೆ ಸಂಶಯ ಇನ್ನೂ ಹೆಚ್ಚು.

ಇದಕ್ಕೆ "ದೃಷ್ಟಿ ತಾಗಿದೆ" ಎಂದು ಉಪ್ಪು ಮೆಣಸು ಸುಳಿದು ಹಾಕಿದವರನ್ನು ನೋಡಿದ್ದೇವೆ. ಸುಳಿಯುವುದಿದ್ದರೆ ಸುಳಿಯಿರಿ, ಆದರೆ ಮರುದಿನ ಆಸ್ಪತ್ರೆಗೂ ಹೋಗಿ.

ತುತ್ತು ಸಿಕ್ಕಿಕೊಂಡಾಗ ನಮ್ಮ ಕಡೆ ಒಂದು ಅಭ್ಯಾಸ ಉಂಟು. ಮೀನಿನ ಮುಳ್ಳಿಗೆ ಮಾಡುವ ಹಾಗೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವುದು. ಇದು ಬೇಡ. ಕಿರಿದಾದ ಕೊಳವೆಯಲ್ಲಿ ಒಂದರ ಮೇಲೆ ಒಂದು ತುರುಕಿದ ಹಾಗಾಗುತ್ತದೆ. ಜೊಲ್ಲು ಸಹ ನುಂಗಲಿಕ್ಕೆ ಆಗದೆ ಹೊರಗೆ ಸುರಿಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬಾರದು, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಉಸಿರು ಕಟ್ಟಿದರೆ ಅದು ಶ್ವಾಸನಾಳದ ವಿಷಯ, ನಿಮಿಷದ ಲೆಕ್ಕ.

ಇನ್ನೊಂದು ಎಚ್ಚರಿಕೆ. ನುಂಗುವ ಕಷ್ಟಕ್ಕೆ ಕಾರಣ ಬೇರೆಯೂ ಇರುತ್ತದೆ. ಎಲೆ ಅಡಿಕೆ ಹೊಗೆಸೊಪ್ಪು ಹಾಕುವ, ಬೀಡಿ ಸೇದುವ, ಕುಡಿಯುವ ಐವತ್ತು ದಾಟಿದವರಿಗೆ ಹೊಸದಾಗಿ ತುತ್ತು ನಿಲ್ಲಲು ಸುರುವಾದರೆ ಮೊದಲು ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ವಾರ ಕೂಡ ತಡ ಮಾಡಬಾರದು. ರಕ್ತಹೀನತೆ ಇರುವ ಹೆಂಗಸರಿಗೆ ಅನ್ನನಾಳದ ಮೇಲ್ಭಾಗದಲ್ಲಿ ತೆಳುವಾದ ಪೊರೆ ಬೆಳೆದು ನುಂಗಲು ಕಷ್ಟವಾಗುವುದೂ ಉಂಟು. ನಮ್ಮ ಸಂಘಗಳಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರುವವರು ಎಷ್ಟು ಮಂದಿ ಎಂದು ಹೊಸದಾಗಿ ಹೇಳಬೇಕಾಗಿಲ್ಲ.

ಪರೀಕ್ಷೆ ಎಲ್ಲಿ, ಹೇಗೆ

ಮಗಳು ತನ್ನ ವಯಸ್ಸಿನವರಿಗಿಂತ ತುಂಬ ಗಿಡ್ಡ ಇದ್ದರೆ ಹದಿನಾರರವರೆಗೆ ಕಾಯುವುದು ಬೇಡ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಮಕ್ಕಳ ಆರೋಗ್ಯ ತಪಾಸಣೆಗೆ ತಂಡ ಬರುತ್ತದೆ. ಇದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಆ ದಿನ ಮಗುವನ್ನು ಶಾಲೆಗೆ ಕಳಿಸಿ, ಎತ್ತರದ ವಿಷಯ ಟೀಚರ ಮೂಲಕ ಹೇಳಿಸಿ. ಇಲ್ಲವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಚೀಟಿ ತೆಗೆದುಕೊಂಡು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು.

ವರ್ಣತಂತು ಎಣಿಸುವ ಪರೀಕ್ಷೆಗೆ ಕ್ಯಾರಿಯೋಟೈಪ್ ಎಂದು ಹೆಸರು. ತೋಳಿನಿಂದ ಸ್ವಲ್ಪ ರಕ್ತ ತೆಗೆದರೆ ಸಾಕು. ಬಿಳಿ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಜೋಡಿಸಿ ಎಣಿಸುತ್ತಾರೆ, ಹಾಗಾಗಿ ವರದಿ ಬರಲು ದಿನ ಹಿಡಿಯುತ್ತದೆ. ಈ ವಿಷಯದಲ್ಲಿ ಉಡುಪಿಯವರಾದ ನಾವು ಅದೃಷ್ಟವಂತರು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ಎಂದು ಪ್ರತ್ಯೇಕ ವಿಭಾಗವೇ ಉಂಟು. ಉತ್ತರ ಕರ್ನಾಟಕದ ಎಷ್ಟೋ ತಾಯಂದಿರು ರಾತ್ರಿಯಿಡೀ ಬಸ್ಸಿನಲ್ಲಿ ಬಂದು ತಲುಪುವ ಜಾಗಕ್ಕೆ ನಾವು ಸಂತೆಕಟ್ಟೆಗೆ ಬಂದು ಬಸ್ಸು ಹತ್ತಿದರೆ ಆಯ್ತು. ಹುಟ್ಟಿದ ಮಗುವಿಗೆ ಈ ಪರೀಕ್ಷೆ ಮಾಡಿಸಲು ಕಾನೂನಿನ ಅಡ್ಡಿ ಇಲ್ಲ. 1994ರ ಕಾಯ್ದೆ ನಿಷೇಧಿಸಿರುವುದು ಗರ್ಭದಲ್ಲಿರುವಾಗ ಹೆಣ್ಣೋ ಗಂಡೋ ಎಂದು ತಿಳಿಯುವುದನ್ನು. ಇದನ್ನು ತಪ್ಪು ತಿಳಿದು ಹಿಂಜರಿಯುವವರು ಇದ್ದಾರೆ, ಅದಕ್ಕೆ ಹೇಳಿದ್ದು.

ಟರ್ನರ್ ಎಂದು ಬೇಗ ಗೊತ್ತಾದರೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್, ಹನ್ನೊಂದು ಹನ್ನೆರಡು ವರ್ಷದ ಹೊತ್ತಿಗೆ ಈಸ್ಟ್ರೋಜನ್ ಆರಂಭಿಸಬಹುದು. ಇಂಜೆಕ್ಷನ್ ದುಬಾರಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಟರ್ನರ್ ಹುಡುಗಿಯರ ಈ ಚಿಕಿತ್ಸೆಯೂ ಸೇರಿದೆ, ಕರ್ನಾಟಕದಲ್ಲಿ ಅದರ ಕೇಂದ್ರ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಅರ್ಜಿ ಹಾಕುವ ಬಗ್ಗೆ ಡಾಕ್ಟರರನ್ನೇ ಕೇಳಿ, ನಾಚಿಕೆ ಬೇಡ.

ಅನ್ನನಾಳದ ಪರೀಕ್ಷೆ ಎಂಡೋಸ್ಕೋಪಿ. ಬಾಯಿಯಿಂದ ತೆಳು ಕೊಳವೆ ಇಳಿಸಿ ನೋಡುವುದು. ಇಲ್ಲೊಂದು ಸೂಕ್ಷ್ಮ ಉಂಟು. ಇ.ಒ.ಇ.ಯಲ್ಲಿ ಕಣ್ಣಿಗೆ ಅನ್ನನಾಳ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಬೇರೆ ಬೇರೆ ಎತ್ತರದಿಂದ ಕಡಿಮೆಯೆಂದರೆ ಆರು ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ನೋಟದಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್ ಕಂಡರೆ ಕಾಯಿಲೆಯ ಲಕ್ಷಣ. ಟರ್ನರ್ ಹುಡುಗಿಗೆ ಎಂಡೋಸ್ಕೋಪಿ ಮಾಡುವುದಾದರೆ ಅದೇ ಸಲ ಸಣ್ಣ ಕರುಳಿನ ಚೂರನ್ನೂ ಸೀಲಿಯಾಕ್‌ಗಾಗಿ ತೆಗೆಯಬಹುದು. ಎರಡು ಸಲ ಕೊಳವೆ ನುಂಗುವ ಕಷ್ಟ ತಪ್ಪುತ್ತದೆ. ಅದಕ್ಕೆ ಮೊದಲು ನೀವಾಗಿ ಗೋಧಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಸೀಲಿಯಾಕ್ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದಕ್ಕೆ ಸೌಲಭ್ಯ ಉಂಟು ಎಂದು ಮೊದಲೇ ವಿಚಾರಿಸಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಇಲ್ಲದೆ ನೇರ ಹೋದರೆ ಆಮೇಲೆ ಅಲೆದಾಟ.

ಚಿಕಿತ್ಸೆ ಮತ್ತು ಅಡಿಗೆಮನೆ

ಇ.ಒ.ಇ. ಪೂರ್ತಿ ಹೋಗುವ ಕಾಯಿಲೆ ಅಲ್ಲ, ಆದರೆ ಹಿಡಿತದಲ್ಲಿ ಇಡಬಹುದು. ಆಮ್ಲ ಕಡಿಮೆ ಮಾಡುವ ಮಾತ್ರೆಯಿಂದಲೇ ಕೆಲವರಿಗೆ ಗುಣ ಕಾಣುತ್ತದೆ. ಉಬ್ಬಸದವರು ಎಳೆದುಕೊಳ್ಳುವ ಸ್ಟಿರಾಯ್ಡ್ ಔಷಧವನ್ನೇ ಇಲ್ಲಿ ಬಾಯಿಗೆ ಸಿಂಪಡಿಸಿ ನುಂಗುತ್ತಾರೆ. ಅದಾದ ಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಯಾಕೆಂದರೆ ಔಷಧ ಅನ್ನನಾಳಕ್ಕೆ ಅಂಟಿ ನಿಲ್ಲಬೇಕು. ಕೊಳವೆ ಈಗಾಗಲೇ ಕಿರಿದಾಗಿದ್ದರೆ ಎಂಡೋಸ್ಕೋಪಿಯಲ್ಲೇ ಹಿಗ್ಗಿಸುತ್ತಾರೆ. 2022ರಲ್ಲಿ ಅಮೆರಿಕದಲ್ಲಿ ಡುಪಿಲುಮಾಬ್ ಎಂಬ ಇಂಜೆಕ್ಷನ್‌ಗೆ ಈ ಕಾಯಿಲೆಗಾಗಿ ಅನುಮತಿ ಸಿಕ್ಕಿತು, ಆದರೆ ಅದು ನಮ್ಮಂತಹವರ ಕೈಗೆ ಎಟಕುವ ಬೆಲೆಯದ್ದಲ್ಲ.

ಉಳಿದದ್ದು ಪಥ್ಯ. ಹಿಂದೆ ಹಾಲು, ಗೋಧಿ, ಮೊಟ್ಟೆ, ಸೋಯಾ, ನೆಲಗಡಲೆ-ಗೇರುಬೀಜದಂತಹವು, ಮೀನು-ಸಿಗಡಿ ಎಂದು ಆರು ಗುಂಪಿನ ಆಹಾರವನ್ನು ಒಟ್ಟಿಗೆ ಬಿಡಿಸುತ್ತಿದ್ದರು. ಮೀನು ಇಲ್ಲದೆ ಕೆಮ್ಮಣ್ಣಿನಲ್ಲಿ ಊಟ ಹೇಗೆ ಮಾರಾಯ್ರೆ! ಪುಣ್ಯಕ್ಕೆ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೊಡ್ಡವರಿಗೆ ಆರನ್ನೂ ಬಿಡಿಸಿದರೆ ನೂರಕ್ಕೆ 40 ಮಂದಿಗೆ, ಹಾಲೊಂದನ್ನೇ ಬಿಡಿಸಿದರೆ 34 ಮಂದಿಗೆ ಗುಣ ಕಂಡಿತು. ದೊಡ್ಡ ವ್ಯತ್ಯಾಸ ಇಲ್ಲ. ಹಾಗಾಗಿ ಈಗ ಮೊದಲು ಹಾಲಿನಿಂದ ಆರಂಭಿಸಬಹುದು. ಹಾಲು ಅಂದರೆ ಚಹಾದ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಬೇಕರಿಯ ಬಿಸ್ಕತ್ತು, ಕೇಕು ಎಲ್ಲವೂ. ನಮ್ಮ ಅಡಿಗೆಗೆ ತೆಂಗಿನ ಹಾಲು ಇರುವುದರಿಂದ ಇದು ಬೇರೆ ಊರಿನವರಷ್ಟು ಕಷ್ಟ ಅಲ್ಲ. ಕುಚ್ಚಲಕ್ಕಿ ಗಂಜಿ, ಮೀನು ಸಾರು, ನೀರುದೋಸೆ, ಪತ್ರೊಡೆ ಯಾವುದಕ್ಕೂ ಹಾಲು ಬೇಡ.

ಆದರೆ ಬೆಳೆಯುವ ಮಗುವಿಗೆ, ಅದರಲ್ಲೂ ಟರ್ನರ್ ಇರುವ ಹುಡುಗಿಗೆ, ಡಾಕ್ಟರನ್ನು ಕೇಳದೆ ಪಥ್ಯ ಹಿಡಿಸಬೇಡಿ. ಅವರ ಮೂಳೆ ಮೊದಲೇ ತೆಳು, ಹಾಲು ನಿಲ್ಲಿಸಿದರೆ ಸುಣ್ಣದ ಅಂಶ ಬೇರೆ ಕಡೆಯಿಂದ ಸಿಗಬೇಕು. ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ರಾಗಿ, ಎಳ್ಳು, ನುಗ್ಗೆಸೊಪ್ಪು ಇವನ್ನು ಹೇಗೆ ಎಷ್ಟು ಕೊಡಬೇಕೆಂದು ಆಸ್ಪತ್ರೆಯ ಆಹಾರ ತಜ್ಞರು ಬರೆದು ಕೊಡುತ್ತಾರೆ. ಪಥ್ಯ ಸುರು ಮಾಡಿ ಎರಡು ಮೂರು ತಿಂಗಳ ನಂತರ ಮತ್ತೆ ಎಂಡೋಸ್ಕೋಪಿ ಇರುತ್ತದೆ. ನುಂಗಲು ಸುಲಭವಾಯಿತು ಎಂದು ಅದನ್ನು ತಪ್ಪಿಸುವವರು ಬಹಳ. ತೊಂದರೆ ಕಡಿಮೆಯಾದರೂ ಒಳಗೆ ಬಾವು ಉಳಿದಿರಬಹುದು, ಅದನ್ನು ಚೂರು ತೆಗೆದೇ ನೋಡಬೇಕು.

ಡಾಕ್ಟರ ಎದುರು ಕೂತಾಗ ಮಾತು ಮರೆತುಹೋಗುತ್ತದೆ, ಗೊತ್ತು. ಒಂದು ವಾರ ಮಗು ಏನು ತಿಂದಿತು, ಎಷ್ಟು ಹೊತ್ತು ಹಿಡಿಯಿತು, ಯಾವುದಕ್ಕೆ ನೀರು ಕುಡಿಯಿತು ಎಂದು ಸಂಘದ ಹಳೆ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹಿಂದಿನ ವರ್ಣತಂತು ವರದಿ ಇದ್ದರೆ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಯ್ಯಿರಿ. ಹೊಟ್ಟೆಯ ಡಾಕ್ಟರಿಗೆ ಮಗಳ ಟರ್ನರ್ ವಿಷಯ, ಹಾರ್ಮೋನ್ ಡಾಕ್ಟರಿಗೆ ಅವಳ ನುಂಗುವ ಕಷ್ಟ, ಎರಡನ್ನೂ ಇಬ್ಬರಿಗೂ ಹೇಳಿ.